ಸೇಹೋ ಹಡಗಿನ ಬೆಂಕಿಯಾಳು, ನನ್ನ ಗಂಡ

ಮುಕಾಯಿ ತಮೆಕಿಚಿಯನ್ನು ನಾನು ಮದುವೆಯಾದದ್ದು ಅವನ ಮುಖ ನೋಡಿ ಅಲ್ಲ, ಮನೆತನ ನೋಡಿಯೂ ಅಲ್ಲ. ನನ್ನ ಅಣ್ಣನನ್ನು ಕೊಂದವನನ್ನು ಕಂಡರೆ ಗುರುತು ಹಿಡಿಯಬಲ್ಲ ಗಂಡಸು ಅವನೊಬ್ಬನೇ ನನ್ನ ಕೈಗೆ ಸಿಕ್ಕಿದ್ದ. ಅದಕ್ಕೇ ಆದೆ. ಕೇಳಿದವರು ಮುದುಕಿಗೆ ಅರಳುಮರಳು ಎಂದು ನಕ್ಕಾರು. ನಗಲಿ. ನೌಕಾಪಡೆಯ ಬಂದರಾದ ಕುರೆ ಊರಿನ ಅರ್ಧದಷ್ಟು ಗಂಡಸರ ಬೆತ್ತಲೆ ಬೆನ್ನು ನೋಡಿದವಳು ನಾನು, ಅವರ ನಗೆಗೆ ಹೆದರುವ ಪೈಕಿ ಅಲ್ಲ.

ನಮ್ಮದು ಸಾರ್ವಜನಿಕ ಸ್ನಾನದ ಮನೆ, ಅಪ್ಪನ ಕಾಲದ್ದು. ಬಾಗಿಲಲ್ಲೇ ಒಂದು ಎತ್ತರದ ಪೀಠ. ಅಲ್ಲಿ ಕೂತರೆ ಗೋಡೆಯ ಈಚೆ ಗಂಡಸರು, ಆಚೆ ಹೆಂಗಸರು, ಎರಡೂ ಕಡೆ ಕಾಣುತ್ತದೆ. ಅಮ್ಮ ಕೂರುತ್ತಿದ್ದಳು, ಆಮೇಲೆ ನಾನು ಕೂತೆ. ಹಡಗು ಕಟ್ಟುವ ನೌಕಾಂಗಳದಲ್ಲಿ ಮೊಳೆ ಬಡಿಯುವವರು, ಬೆಸುಗೆ ಹಾಕುವವರು ಎಲ್ಲ ಸಂಜೆ ನಮ್ಮಲ್ಲಿಗೇ ಬರುತ್ತಿದ್ದರು. ಬಂದರು ಕಾಣದ ಹಾಗೆ ರೈಲಿನ ಕಿಟಕಿಗಳನ್ನು ಮುಚ್ಚಿಸುತ್ತಿದ್ದ ಕಾಲ ಅದು. ಆದರೆ ಒಳಗೆ ಯಾವ ಹಡಗು ಏಳುತ್ತಿದೆ ಎಂಬುದು ಅಧಿಕಾರಿಗಳಿಗಿಂತ ಮೊದಲು ನಮ್ಮ ತೊಟ್ಟಿಯಲ್ಲಿ ಕೂತವರಿಗೆ ಗೊತ್ತಿರುತ್ತಿತ್ತು.

ಸೇಹೋ ಎಂದರೆ ತಿಳಿಬಾನಿನ ಹಕ್ಕಿ. ಹೆಸರೇನೋ ಚೆಂದ. ಹುಟ್ಟುವಾಗ ಅದು ವಿಮಾನದ ಹಡಗಾಗಿರಲಿಲ್ಲ, ಜಲಾಂತರ್ಗಾಮಿಗಳಿಗೆ ಎಣ್ಣೆ, ಅಕ್ಕಿ ಒದಗಿಸುವ ತಾಯಿ ಹಡಗಾಗಿತ್ತು. ಯುದ್ಧ ಶುರುವಾದ ಮೇಲೆ ಅದರ ಮೇಲಿನ ಕೋಣೆಗಳನ್ನೆಲ್ಲ ಕತ್ತರಿಸಿ, ಹಳೆ ಎಂಜಿನ್ ಕಿತ್ತು ಹೊಸ ಬಾಯ್ಲರ್ ಕೂರಿಸಿ, ಈ ತುದಿಯಿಂದ ಆ ತುದಿಗೆ ಹಲಗೆ ಹಾಸಿ, ಮೂವತ್ತು ವಿಮಾನ ಇಳಿಯುವಂತೆ ಮಾಡಿದರು. ಹೊಗೆಕೊಳವೆಯನ್ನು ಬಲಮಗ್ಗುಲಿಗೆ ಬಗ್ಗಿಸಿ ಬಾಯಿ ಸಮುದ್ರದ ಕಡೆಗೆ ತಿರುಗಿಸಿದ್ದರು. ದೊಡ್ಡ ಹಡಗುಗಳೆಲ್ಲ ಮುಳುಗಿದ ಮೇಲೆ ಅವಸರದಲ್ಲಿ ವೇಷ ಕಟ್ಟಿಸಿದ ಹಡಗು ಅದು. ನಮ್ಮ ಗಿರಾಕಿಗಳು ಅದನ್ನು ತೇಲುವ ಮಣೆ ಎನ್ನುತ್ತಿದ್ದರು.

ಆ ಮಣೆಯ ಹೊಟ್ಟೆಯೊಳಗೆ ಬೆಂಕಿ ಕಾಯಲು ಹೋದವರಲ್ಲಿ ಇಬ್ಬರು ನನ್ನವರು. ಒಬ್ಬ ನನ್ನ ಅಣ್ಣ ಸೆಗಾವಾ ಮಿಚಿಯೊ. ಇನ್ನೊಬ್ಬ ಕುರಾಹಾಶಿ ದ್ವೀಪದ ಮೀನುಗಾರರ ಮನೆಯ ಮೂರನೇ ಮಗ ತಮೆಕಿಚಿ, ಆಗಿನ್ನೂ ನನಗೆ ಯಾರೂ ಅಲ್ಲ. ಮಿಚಿಯೊ ಹುಟ್ಟಿದಾಗಿನಿಂದ ನಮ್ಮ ಸ್ನಾನದ ಮನೆಯ ಒಲೆಯ ಮುಂದೆ ಬೆಳೆದವನು. ಸೇರುವಾಗ ಅಪ್ಪನಿಗೆ ಹೇಳಿದ್ದ, "ಇಲ್ಲಿ ಮುದುಕರ ಬೆನ್ನು ಕಾಯಿಸ್ತೀನಿ, ಅಲ್ಲಿ ಚಕ್ರವರ್ತಿಯ ಹಡಗು ಕಾಯಿಸ್ತೀನಿ, ಬೆಂಕಿ ಒಂದೇ ತಾನೇ." ಬೆಂಕಿ ಒಂದೇ ಆಗಿರಲಿಲ್ಲ.

ವಿಮಾನದ ಹಡಗಿನ ಬೆಂಕಿಯಾಳಿಗೆ ಬೇರೆ ಹಡಗಿನವರಿಗಿಲ್ಲದ ಒಂದು ಹೆದರಿಕೆ ಇರುತ್ತದೆ. ವಿಮಾನ ಇಳಿಯುವಾಗ ಹಡಗು ಗಾಳಿಗೆ ಮುಖ ಮಾಡಿ ಓಡುತ್ತದೆ, ಹೊಗೆ ಹಿಂದಕ್ಕೆ ಹೋಗುತ್ತದೆ, ವಿಮಾನ ಬರುವುದೂ ಹಿಂದಿನಿಂದಲೇ. ಕೆಳಗೆ ಒಬ್ಬನ ಕೈ ಒಂದು ಉಸಿರಿನಷ್ಟು ತಡವಾಗಿ, ಎಣ್ಣೆ ಹೆಚ್ಚಾಗಿ ಗಾಳಿ ಕಡಿಮೆಯಾದರೆ, ಕೊಳವೆಯಿಂದ ಕರಿ ಹೊಗೆ ಹೊರಡುತ್ತದೆ. ಮೇಲೆ ಬರುತ್ತಿರುವವನಿಗೆ ಹಲಗೆಯೇ ಕಾಣುವುದಿಲ್ಲ. ತಪ್ಪು ಮಾಡಿದವನಿಗೆ ಆಕಾಶ ಕಾಣುವುದಿಲ್ಲ, ವಿಮಾನ ಕಾಣುವುದಿಲ್ಲ, ತಾನು ಮಾಡಿದ್ದೇನು ಎಂಬುದೂ ಆಮೇಲೆ ಯಾರಾದರೂ ಬಂದು ಹೊಡೆದಾಗಲೇ ತಿಳಿಯುವುದು. ಮಿಚಿಯೊನಿಂದ ಅಂಥ ಒಂದು ತಪ್ಪಾಯಿತು. ಸೇಹೋ ವಿಮಾನಗಳನ್ನು ಹೊತ್ತು ತ್ರುಕ್ ದ್ವೀಪಕ್ಕೆ ಹೋಗುತ್ತಿತ್ತು. ಮೊದಲ ವರ್ಷವೆಲ್ಲ ಅದಕ್ಕೆ ಅದೇ ಕೂಲಿ ಕೆಲಸ, ಯುದ್ಧ ದೂರದಲ್ಲಿತ್ತು. ಇಳಿಯುತ್ತಿದ್ದ ಒಂದು ವಿಮಾನ ಹೊಗೆಗೆ ಸಿಕ್ಕಿ, ಹಲಗೆಯ ಮೇಲೆ ಅದನ್ನು ಹಿಡಿದು ನಿಲ್ಲಿಸುವ ತಂತಿ ತಪ್ಪಿಸಿಕೊಂಡು ಸಮುದ್ರಕ್ಕೆ ಬಿತ್ತು. ಪೈಲಟ್ ಬದುಕಿದ. ಜ್ವರ ಕೂಡ ಬರಲಿಲ್ಲವಂತೆ ಅವನಿಗೆ.

ಸತ್ತವನು ನನ್ನ ಅಣ್ಣ. ನಮಗೆ ಬಂದ ಸುದ್ದಿ ಬೇರೆ. ನೌಕಾಪಡೆಯ ಒಬ್ಬ ಮನುಷ್ಯ ಬಂದು ಬಾಗಿಲಲ್ಲಿ ನಿಂತೇ ಹೇಳಿದ: ಸೆಗಾವಾ ಮಿಚಿಯೊ ಶಿಕ್ಷೆಗೆ ಹೆದರಿ ತಾನಾಗಿ ಸಮುದ್ರಕ್ಕೆ ಹಾರಿದ್ದಾನೆ. ಒಳಗೆ ಬಂದು ಕೂರಲೂ ಇಲ್ಲ. ಯುದ್ಧದಲ್ಲಿ ಮಗ ಸತ್ತ ಮನೆಗೆ ಬಾಗಿಲಲ್ಲಿ ಗೌರವದ ಫಲಕ ಹಾಕುತ್ತಿದ್ದ ಕಾಲ. ನಮ್ಮ ಬಾಗಿಲಿಗೆ ಬಂದದ್ದು ಪಕ್ಕದ ಮನೆಯವರ ಬೆನ್ನು. ಓಡಿಹೋದವನ ಮನೆಯ ನೀರು ಎಂದು ಹೆಂಗಸರು ಎರಡು ಬೀದಿ ಆಚೆಯ ಸ್ನಾನದ ಮನೆಗೆ ಹೋಗತೊಡಗಿದರು. ನನಗೆ ಗೊತ್ತು ಮಾಡಿದ್ದ ಗಂಡೂ ತಪ್ಪಿಹೋಯಿತು. ಅಪ್ಪ ಯಾರೊಂದಿಗೂ ಮಾತಾಡದೆ ಒಲೆ ಉರಿಸುತ್ತಿದ್ದ. ಊರಿನ ಮೇಲೆ ಬೆಂಕಿ ಬಾಂಬು ಬಿದ್ದಾಗ ಆ ಒಲೆಯ ಮುಂದೆಯೇ ಸತ್ತ. ಮನೆ ಸುಟ್ಟುಹೋಗಿ ನಮ್ಮ ಹೊಗೆಗೂಡು ಮಾತ್ರ ಉಳಿಯಿತು.

ಯುದ್ಧ ಮುಗಿದು ಎರಡು ಚಳಿಗಾಲ ಕಳೆದ ಮೇಲೆ, ನಾನೂ ಅಮ್ಮನೂ ಆ ಹೊಗೆಗೂಡಿನ ಬುಡದಲ್ಲಿ ತಗಡು ಹೊದಿಸಿಕೊಂಡು ಗೆಣಸು ಬೇಯಿಸುತ್ತಿದ್ದಾಗ, ಒಬ್ಬ ಬಡಕಲು ಮನುಷ್ಯ ಬಂದು ನೆಲದ ಮೇಲೆ ಕೈಯೂರಿ ತಲೆ ತಗ್ಗಿಸಿದ. ಎದ್ದೇಳಲೇ ಇಲ್ಲ.

"ಯಾರಪ್ಪಾ ನೀನು?" ಅಂದಳು ಅಮ್ಮ.

"ಮುಕಾಯಿ ತಮೆಕಿಚಿ ಅಂತ. ಸೇಹೋದಲ್ಲಿ ಮಿಚಿಯೊ ಜೊತೆ ಇದ್ದೆ."

"ಓಡಿಹೋದವನ ಜೊತೆ ಇದ್ದೆ ಅಂತ ಹೇಳ್ಕೊಳ್ಳೋಕೆ ಇಷ್ಟು ದೂರ ಬಂದ್ಯಾ?" ಅಂದೆ ನಾನು.

"ಅವನು ಓಡಿಹೋಗಲಿಲ್ಲ, ಹಾರಲೂ ಇಲ್ಲ. ಹೊಡೆದು ಸಾಯಿಸಿದ್ರು. ನಮ್ಮ ದಳದ ಮೇಲಿನವರು, ದೊಯಿ ಗೆನ್‌ಸಾಕು ಅಂತ. ಬೆಳಗಿನ ಜಾವ ಹೆಣಾನ ಹಡಗಿನ ಹಿಂದಿನಿಂದ ನೀರಿಗೆ ಬಿಟ್ಟು, ಹಾರಿದ ಅಂತ ಬರೆಸಿದ್ರು. ಬಾಯಿ ಬಿಟ್ಟರೆ ನಿಮಗೂ ಅದೇ ಗತಿ ಅಂದ್ರು ನಮಗೆ."

ಅಮ್ಮ ಬೆಂದ ಗೆಣಸೊಂದನ್ನು ಎತ್ತಿ ಅವನ ಕೈಗೆ ಕೊಟ್ಟಳು. "ತಿನ್ನು. ನನ್ನ ಮಗ ಹೇಡಿ ಅಲ್ಲ ಅಂದ್ಯಲ್ಲ, ಅಷ್ಟು ಸಾಕು" ಅಂದಳು. ಅವಳಿಗೆ ಅಷ್ಟು ಸಾಕಾಯಿತು, ಆ ವರ್ಷವೇ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ನನಗೆ ಸಾಕಾಗಲಿಲ್ಲ. ನನಗೆ ಆ ದೊಯಿ ಬೇಕಾಗಿದ್ದ. ಅವನು ಸೇಹೋದ ಜನರೆದುರು ನಿಂತು, ಸೆಗಾವಾ ಮಿಚಿಯೊನನ್ನು ಕೊಂದವನು ನಾನು ಎಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಿದ ಮೇಲೆ ಅವನಿಗೆ ನೋಯಬೇಕಾಗಿತ್ತು. ಇಷ್ಟೇ ನನ್ನ ಆಸೆ, ಹೆಚ್ಚೇನಲ್ಲ.

"ಆ ದೊಯಿ ಎಲ್ಲಿದ್ದಾನೆ?" ಅಂತ ಕೇಳಿದೆ.

"ಗೊತ್ತಿಲ್ಲ. ಹಡಗಿನ ಕಂಬಳಿ, ಸಕ್ಕರೆ ಎಲ್ಲ ಗಂಟು ಕಟ್ಕೊಂಡು ಯುದ್ಧ ಮುಗಿದ ಮೊದಲ ದಿನವೇ ಊರಿಗೆ ಹೋದ್ರು. ಹುಡುಕ್ತೀನಿ."

"ನೀವೊಬ್ಬರೇ ಹುಡುಕೋದಕ್ಕಿಂತ ಇಬ್ಬರು ಹುಡುಕಿದ್ರೆ ಬೇಗ ಸಿಗ್ತಾನೆ. ನನ್ನನ್ನ ಮದುವೆ ಆಗ್ತೀರಾ?"

ಅವನ ಬಾಯಲ್ಲಿದ್ದ ಗೆಣಸು ಅಲ್ಲೇ ನಿಂತಿತು. ನಮ್ಮ ಹೆಣ್ಣು ನೋಡುವ ಶಾಸ್ತ್ರ ಆದದ್ದು ಹೀಗೆ.

ಮದುವೆಯಾದ ಮೇಲೆ ನನಗೆ ತಿಳಿದದ್ದೇನೆಂದರೆ, ನಾನು ದ್ವೇಷಿಸುತ್ತಿದ್ದ ಆ ಹಡಗನ್ನು ಇವನು ಪ್ರೀತಿಸುತ್ತಿದ್ದ. ಅವನಿಗೆ ಸೇಹೋ ತಾಯಿ, ನನಗೆ ಸವತಿ. ಅನ್ನದ ಮುಂದೆ ಕೂತರೆ ಅದರದೇ ಸುದ್ದಿ. ಮರಿಯಾನಾ ದ್ವೀಪಗಳ ಕಡೆ ಅದು ಮಾಡಿದ ಒಂದೇ ಒಂದು ನಿಜವಾದ ಯುದ್ಧದ ಕಥೆಯನ್ನು ಎಷ್ಟು ಸಲ ಹೇಳಿದನೋ. ಬೆಳಿಗ್ಗೆ ಹೋದ ವಿಮಾನಗಳಲ್ಲಿ ಸಂಜೆಗೆ ಬಂದವು ಬೆರಳೆಣಿಕೆ. ಹಿಂಬದಿಗೆ ಒಂದು ಬಾಂಬು ಬಿದ್ದು ಹಡಗಿನೊಳಗಿನ ಓಣಿಯೆಲ್ಲ ಹೊಗೆಯಾಯಿತು. ಆ ಹೊಗೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ ಒಬ್ಬನನ್ನು ತಾನು ಕಾಲು ಹಿಡಿದು ಎಳೆದುಕೊಂಡು ಬಂದೆ, ಗಾಳಿಗೆ ಬಂದ ಮೇಲೆ ನೋಡಿದರೆ ದೊಯಿ, ಎಂದು ಒಂದು ದಿನ ಬಾಯಿತಪ್ಪಿ ಹೇಳಿಬಿಟ್ಟ.

ನಾನು ಊಟದ ಕಡ್ಡಿ ಕೆಳಗಿಟ್ಟೆ. "ನೋಡಿದ ಮೇಲೆ ವಾಪಸ್ ಹಾಕಿ ಬರಬೇಕಿತ್ತು."

"ಹಾಗೆಲ್ಲ ಆಗುತ್ತಾ ಫುಸಾ."

"ಯಾಕಾಗಲ್ಲ? ನನ್ನ ಅಣ್ಣನ್ನ ನೀರಿಗೆ ಹಾಕೋಕೆ ಆಗ್ಲಿಲ್ವಾ ಅವನಿಗೆ?"

"ಸಾಯೋದು ನೋಡಿ ಸಾಕಾಗಿತ್ತು" ಅಂದ. ಆ ವಾರವೆಲ್ಲ ನಾನು ಅವನಿಗೆ ಬಾರ್ಲಿ ಗಂಜಿ ಬಿಟ್ಟು ಬೇರೇನೂ ಹಾಕಲಿಲ್ಲ. ಅದನ್ನೇ ಕುಡಿದ. ಮೆತ್ತಗಿನ ಮನುಷ್ಯ ಎಂದುಕೊಂಡೆ, ಇಂಥವನನ್ನು ಕಟ್ಟಿಕೊಂಡು ಸೇಡು ತೀರಿಸಿಕೊಳ್ಳಲು ಹೊರಟ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡೆ.

ಕೊನೆಯ ವರ್ಷ ಸೇಹೋಗೆ ವಿಮಾನವೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ನಮ್ಮ ಕೊಲ್ಲಿಯ ಒಂದು ದ್ವೀಪದ ಮಗ್ಗುಲಿಗೆ ಕಟ್ಟಿ, ಮೇಲೆ ಬಲೆ ಹೊದಿಸಿ, ಹಲಗೆಯ ಮೇಲೆ ಪೈನ್ ಮರ ನೆಟ್ಟು ಗುಡ್ಡದಂತೆ ಕಾಣಿಸಿದರಂತೆ. ಮರ ಒಣಗಿದರೆ ಶತ್ರುವಿಗೆ ಗುರುತು ಸಿಗುತ್ತದೆಂದು ಬೆಂಕಿಯಾಳುಗಳು ದಿನವೂ ನೀರು ಹೊತ್ತು ಹಾಕುತ್ತಿದ್ದರು. ಆದರೂ ಬಾಂಬು ಬಿತ್ತು. ಹಲಗೆ ಮಧ್ಯದಲ್ಲಿ ಗೂನು ಎದ್ದಿತು, ಹಡಗು ಮುಳುಗಲಿಲ್ಲ. ಯುದ್ಧ ಸೋತ ಮೇಲೆ ಫಿರಂಗಿ ಕಿತ್ತು, ವಿಮಾನ ನಿಲ್ಲಿಸುತ್ತಿದ್ದ ಜಾಗದಲ್ಲಿ ಮಲಗುವ ಅಟ್ಟ ಕಟ್ಟಿ, ದೂರದ ದ್ವೀಪಗಳಲ್ಲಿ ಸಿಕ್ಕಿಬಿದ್ದ ನಮ್ಮವರನ್ನು ತರಲು ಅದನ್ನೇ ಕಳಿಸಿದರು. ಬಾಯ್ಲರಿನ ಮರ್ಮ ಗೊತ್ತಿದ್ದ ತಮೆಕಿಚಿ ಹಡಗಿನಲ್ಲೇ ಉಳಿದ. ಎಲುಬಿನ ಹಂದರವಾದ ಸೈನಿಕರು ಹತ್ತುವಾಗ ಏಣಿಯ ಮೇಲೇ ಸತ್ತದ್ದು, ಗೂನು ಹಲಗೆಯ ಕೆಳಗೆ ಒಬ್ಬ ಹೆಂಗಸು ಹೆತ್ತದ್ದು, ನಮ್ಮ ದ್ವೀಪಗಳ ಬೆಟ್ಟ ಕಂಡಾಗ ಎಲ್ಲರೂ ಸುಮ್ಮನೆ ಕೂತುಬಿಟ್ಟದ್ದು, ಇದನ್ನೆಲ್ಲ ಅವನು ಹೇಳುವಾಗ ನನಗೂ ಒಮ್ಮೊಮ್ಮೆ ಮುಂದಿದ್ದ ಅನ್ನ ಮರೆತುಹೋಗುತ್ತಿತ್ತು. ತೋರಗೊಡುತ್ತಿರಲಿಲ್ಲ.

ಕೊನೆಗೆ ಅದನ್ನು ಹುಟ್ಟಿದ ಅಂಗಳಕ್ಕೇ ತಂದು ಕತ್ತರಿಸಿದರು. ಹಲಗೆಗಳನ್ನು ಸೌದೆಗೆಂದು ಹೊರಹಾಕಿದಾಗ ನಾನೇ ಗಾಡಿ ತೆಗೆದುಕೊಂಡು ಹೋದೆ. ನಾವು ಮತ್ತೆ ಕಟ್ಟಿದ ಸ್ನಾನದ ಮನೆಯ ಮೊದಲ ಚಳಿಗಾಲದ ನೀರು ಕಾದದ್ದು ಸೇಹೋ ಹಲಗೆಯಲ್ಲಿ. ಎಣ್ಣೆ ಕುಡಿದ ಮರ, ಚೆನ್ನಾಗಿ ಉರಿಯಿತು. ಒಂದೊಂದು ತುಂಡು ಒಲೆಗೆ ಹಾಕುವಾಗಲೂ ತಮೆಕಿಚಿ ಮುಖ ಆ ಕಡೆ ತಿರುಗಿಸುತ್ತಿದ್ದ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟು ಹಿತವಾದ ಶಾಖ ನನಗೆ ಆಮೇಲೆ ಯಾವ ಚಳಿಗಾಲದಲ್ಲೂ ಸಿಗಲಿಲ್ಲ.

ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ಇವನು ಹಿಂದೆ ಬೆಂಕಿ, ನಾನು ಮುಂದೆ ಪೀಠ. ಮೈಗೆಲ್ಲ ಮಸಿ, ಬಾಯಲ್ಲಿ ಮಾತಿಲ್ಲ, ದುಡಿಯುವುದರಲ್ಲಿ ಎತ್ತು. ನನಗೆ ಜ್ವರ ಬಂದರೆ ಒಲೆಯನ್ನು ಪಕ್ಕದವನಿಗೆ ವಹಿಸಿ ತಲೆದೆಸೆಯಲ್ಲಿ ಕೂರುತ್ತಿದ್ದ. ಅಣ್ಣನ ತಿಥಿಯ ದಿನ ನನಗಿಂತ ಮೊದಲೇ ಎದ್ದು ಊದುಬತ್ತಿ ಹಚ್ಚಿ, ನಾನು ಬರುವಷ್ಟರಲ್ಲಿ ಒಲೆಯ ಕಡೆ ಹೋಗಿಬಿಟ್ಟಿರುತ್ತಿದ್ದ. ಸ್ನೇಹಿತನೆಂದರೆ ಹೀಗಿರಬೇಕು ಎಂದು ನಾನು ಹಿಗ್ಗುತ್ತಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ದೊಯಿಯನ್ನು ಹುಡುಕಬೇಕಾಗಲಿಲ್ಲ, ತಾನಾಗಿ ಬಂದ. ದೇಶದ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಹಳೆಯ ಹಡಗುಗಳವರೆಲ್ಲ ಸಂಘ ಕಟ್ಟಿಕೊಂಡು ಗುಡ್ಡದ ಮೇಲಿನ ನೌಕಾ ಸ್ಮಶಾನದಲ್ಲಿ ಕಲ್ಲು ನೆಡಿಸತೊಡಗಿದರು. ಸೇಹೋದವರೂ ಸಂಘ ಮಾಡಿದರು. ಶಿಕೊಕು ದ್ವೀಪದಲ್ಲಿ ಮೀನುಬಲೆಯ ದೊಡ್ಡ ಅಂಗಡಿ ಇಟ್ಟಿದ್ದ ದೊಯಿ ಗೆನ್‌ಸಾಕು ಅಧ್ಯಕ್ಷ. ಸತ್ತವರ ಹೆಸರುಗಳನ್ನು ಕಲ್ಲಿನ ಹಿಂಬದಿಗೆ ಕೆತ್ತಿಸುತ್ತಾರೆ ಎಂದು ಕೇಳಿ ನಾನು ಸಂಘದ ಕಾರ್ಯದರ್ಶಿಯ ಮನೆಗೆ ಹೋದೆ.

"ಸೆಗಾವಾನ ಹೆಸರು ಬರಲ್ಲಮ್ಮ" ಅಂದ ಅವನು. "ಯುದ್ಧದಲ್ಲಿ ಸತ್ತವರು, ಕಾಯಿಲೆಯಲ್ಲಿ ಸತ್ತವರು ಇದ್ದಾರೆ. ತಾನೇ ಹಾರ್ಕೊಂಡವನನ್ನ ಅವರ ಸಾಲಿನಲ್ಲಿ ಹಾಕಿದ್ರೆ ಉಳಿದ ಮನೆಯವರು ಬೇಜಾರು ಮಾಡ್ಕೊಳ್ಳಲ್ವಾ? ಅಧ್ಯಕ್ಷರೂ ಅದೇ ಅಂದ್ರು."

ಅಧ್ಯಕ್ಷರೂ ಅದೇ ಅಂದರಂತೆ. ಕೊಂದವನೇ ಹೆಸರು ಬೇಡ ಎಂದನಂತೆ. ಅವನ ಮನೆಯಿಂದ ವಾಪಸು ಬರುವಾಗ ನನಗೆ ಮೈಯೆಲ್ಲ ಉರಿ.

ಕಲ್ಲು ನಿಲ್ಲಿಸುವ ಹಿಂದಿನ ದಿನ ಮಧ್ಯಾಹ್ನ ಸಂಘದವರೆಲ್ಲ ಊರಿಗೆ ಬಂದರು. ಸತ್ತವರೆದುರು ನಿಲ್ಲುವ ಮುಂಚೆ ಒಟ್ಟಿಗೆ ಸ್ನಾನ ಮಾಡಬೇಕೆಂದು ಅವರ ಆಸೆ. ನಮ್ಮ ಕುರೆಯಲ್ಲಿ ಎಷ್ಟು ಸ್ನಾನದ ಮನೆಗಳಿದ್ದರೂ, ಮುಕಾಯಿ ಇದ್ದಾನಲ್ಲ, ನಮ್ಮ ಬಾಯ್ಲರಿನವನು, ಎಂದು ಎಲ್ಲರೂ ನಮ್ಮಲ್ಲಿಗೇ ಬಂದರು. ಬೇರೆ ಗಿರಾಕಿಗಳನ್ನು ಬಿಡದೆ ಅವರಿಗಷ್ಟೇ ಬಾಗಿಲು ತೆರೆದೆ. ಒಬ್ಬೊಬ್ಬರೇ ಒಳಗೆ ಬರುವಾಗ ಒಬ್ಬನಿಗೆ ಮಾತ್ರ ಉಳಿದವರು ದಾರಿ ಬಿಟ್ಟರು. ಅಗಲ ಭುಜ, ಬಿಳಿ ಹುಬ್ಬು, ಬಾಯ್ತುಂಬ ಕಟ್ಟಿಸಿದ ಹಲ್ಲು. ಪೀಠದ ಮುಂದೆ ನಾಣ್ಯ ಇಟ್ಟು, "ಒಳ್ಳೆ ಜಾಗ" ಎಂದ. ಯಾರೂ ಹೇಳದೆ ನನಗೆ ತಿಳಿಯಿತು.

ಬೆತ್ತಲಾದ ಮೇಲೆ ಅವರ ಹಿಂಬದಿಗಳನ್ನು ನಾನು ನೋಡಿದೆ. ಬೆಂಕಿಯಾಳುಗಳಾಗಿದ್ದವರಿಗೆಲ್ಲ ತೊಡೆಯ ಮೇಲೆ, ಪೃಷ್ಠದ ಮೇಲೆ ಹಳೆಯ ಕಪ್ಪು ಗೆರೆ. ಹಡಗಿನಲ್ಲಿ ಶಿಕ್ಷೆಗೆಂದು ಹೊಡೆಯುತ್ತಿದ್ದ ದೊಣ್ಣೆಯ ಗುರುತು. ದೊಯಿಗೂ ಇತ್ತು. ಅವನೂ ಒಂದು ಕಾಲದಲ್ಲಿ ತಿಂದವನೇ. ಅದನ್ನು ಕಂಡು ನನಗೆ ಕನಿಕರ ಬರಲಿಲ್ಲ, ತಿಂದವನಿಗೆ ರುಚಿ ಗೊತ್ತಿತ್ತಲ್ಲ ಎಂದು ಇನ್ನಷ್ಟು ರೋಷ ಬಂತು. ಅವರು ತೊಟ್ಟಿಗೆ ಇಳಿದರು. ನಾನು ಹಿಂದಕ್ಕೆ, ಒಲೆಯ ಕೋಣೆಗೆ ಹೋದೆ.

"ಬಂದಿದ್ದಾನೆ. ತೊಟ್ಟಿಯಲ್ಲಿದ್ದಾನೆ, ಕುದಿಯೋ ನೀರು ಬರೋ ಕೊಳವೆ ಪಕ್ಕದಲ್ಲೇ" ಅಂದೆ. "ನಲ್ಲಿ ತಿರುಗಿಸಿ."

ತಮೆಕಿಚಿ ನಲ್ಲಿಗೆ ಬೆನ್ನು ಕೊಟ್ಟು ನಿಂತ. "ಒಳಗೆ ಬೇರೆಯವರೂ ಇದ್ದಾರೆ."

"ಹಡಗಿನಲ್ಲೂ ಎಳ್ಕೊಂಡು ಬಂದ್ರಿ, ಇಲ್ಲೂ ಕಾಪಾಡ್ತೀರಾ? ನಿಮಗೆ ಅವನು ಏನಾಗಬೇಕು?"

"ಅವನನ್ನ ಬೇಯಿಸಿದ್ರೆ ಇದು ಮುಗಿಯಲ್ಲ ಫುಸಾ."

"ನಿಮ್ಮ ಕೈಲಾಗಲ್ಲ ಅನ್ನಿ. ನಾನೇ ನೋಡ್ಕೊತೀನಿ."

ವಾಪಸು ಬಂದು ಹೊರಬಾಗಿಲಿಗೆ ಅಗುಳಿ ಹಾಕಿ ಪೀಠದಿಂದ ಕೆಳಗೆ, ಗಂಡಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತೆ. ಮೈ ಕೆಂಪಗಾಗಿ, ಸೊಂಟಕ್ಕೆ ಟವೆಲ್ ಸುತ್ತಿ ಅವರು ಬಂದರು. ದೊಯಿ ತಣ್ಣನೆ ಹಾಲಿನ ಸೀಸೆ ತೆಗೆದುಕೊಂಡು ಅರ್ಧ ಕುಡಿದ.

"ಹಡಗಿನಲ್ಲಿ ನಮಗೆ ಉಪ್ಪುನೀರೇ ಗತಿ. ಇದು ಸ್ವರ್ಗ" ಅಂದ.

"ಸೆಗಾವಾ ಮಿಚಿಯೊ ಅಂತ ಒಬ್ಬ ಇದ್ದ. ನೆನಪಿದೆಯಾ ದೊಯಿ ಸಾಹೇಬ್ರೇ?"

ಕೋಣೆಯಲ್ಲಿದ್ದವರು ಮೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ದೊಯಿ ಸೀಸೆ ಕೆಳಗಿಟ್ಟ.

"ಇದೆ."

"ನಾನು ಅವನ ತಂಗಿ. ಅವನ ಹೆಸರು ಕಲ್ಲಿನ ಮೇಲೆ ಬರಬೇಕು. ಅವನು ಹೇಗೆ ಸತ್ತ ಅಂತ ನಾಳೆ ನೀವೇ ಎಲ್ಲರ ಮುಂದೆ ಹೇಳಬೇಕು. ಅಲ್ಲೀವರೆಗೂ ಈ ಬಾಗಿಲು ತೆಗೆಯಲ್ಲ, ಟವೆಲ್‌ನಲ್ಲೇ ಇರಿ."

ದೊಯಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಹೇಳೋಕೆ ನನಗೇನೂ ಅಡ್ಡಿ ಇಲ್ಲ. ಆದರೆ ಹೇಳಿದ್ರೆ ಪೂರ್ತಿ ಹೇಳ್ತೀನಿ. ನಿಮ್ಮ ಯಜಮಾನ್ರನ್ನ ಕರೀರಿ."

ಕರೆಯಬೇಕಾಗಲಿಲ್ಲ. ಮಸಿ ಕೈಯಲ್ಲೇ ತಮೆಕಿಚಿ ಒಲೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ.

"ನೀನೇ ಹೇಳ್ತೀಯೋ ಮುಕಾಯಿ, ನಾನು ಹೇಳಲೋ?" ಅಂದ ದೊಯಿ.

ತಮೆಕಿಚಿ ನನ್ನನ್ನು ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದ.

"ದೊಣ್ಣೆ ಏಟು ಆದ ಮೇಲೆ ಎರಡು ಸಾಲು ಮಾಡಿ ಎದುರುಬದುರು ನಿಲ್ಲಿಸ್ತಿದ್ರು. ನನ್ನೆದುರು ಇರೋನ ಕೆನ್ನೆಗೆ ನಾನು ಹೊಡೀಬೇಕು, ನನ್ನ ಕೆನ್ನೆಗೆ ಅವನು. ಇವರು ಸಾಕು ಅನ್ನೋವರೆಗೂ. ಆವತ್ತು ನನ್ನೆದುರು ಬಂದವನು ಮಿಚಿಯೊ. ಅವನಿಗೆ ಕಾಲೇ ನಿಲ್ತಿರಲಿಲ್ಲ. ಮೆಲ್ಲಗೆ ಹೊಡೆದೆ. ನಾನು ಮೆಲ್ಲಗೆ ಹೊಡೆದಾಗೆಲ್ಲ ಇವರು ಅವನಿಗೆ ಇನ್ನೊಂದು ದೊಣ್ಣೆ ಹಾಕಿದ್ರು. ಜೋರಾಗಿ ಹೊಡಿ ಮುಕಾಯಿ, ಬೇಗ ಮುಗೀಲಿ ಅಂದ ಮಿಚಿಯೊ. ಹೊಡೆದೆ. ಬಿದ್ದ. ಬಾಗಿಲಿನ ಕಬ್ಬಿಣದ ಹೊಸಲಿಗೆ ತಲೆ ಬಡೀತು. ಮತ್ತೆ ಏಳಲಿಲ್ಲ."

ನನ್ನ ಕಿವಿಯೊಳಗೆ ನೀರು ಹೊಕ್ಕಂತಾಯಿತು. ಇಷ್ಟು ವರ್ಷ ನನ್ನ ತಲೆದೆಸೆಯಲ್ಲಿ ಕೂತ ಕೈ, ಊದುಬತ್ತಿ ಹಚ್ಚಿದ ಕೈ. ಸುತ್ತ ನಿಂತ ಮುದುಕರ ಮುಖ ನೋಡಿದೆ. ಎಲ್ಲರಿಗೂ ಗೊತ್ತಿತ್ತು. ಅವರೂ ಆವತ್ತು ಆ ಸಾಲುಗಳಲ್ಲಿ ನಿಂತು ಒಬ್ಬರಿಗೊಬ್ಬರು ಹೊಡೆದುಕೊಂಡವರೇ. ನನ್ನ ಮನೆಯ ನೀರಿನಲ್ಲಿ ಮೈ ತೊಳೆದು, ನನ್ನ ಕೈಯಿಂದ ಹಾಲು ಕುಡಿದು ನಿಂತಿದ್ದವರು.

"ಕೇಳಿದ್ರಲ್ಲ" ಅಂದ ದೊಯಿ. ದನಿಯಲ್ಲಿ ಒಂದಿಷ್ಟು ಗೆಲುವಿತ್ತು. "ಇದನ್ನೂ ನಾಳೆ ಹೇಳಬೇಕಾ?"

"ನಾಳೆಯದು ನಾಳೆ" ಅಂದೆ. "ಈಗ ಇಬ್ಬರೂ ಎದುರುಬದುರು ನಿಂತ್ಕೊಳ್ಳಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ತಮೆಕಿಚಿಗೆ ಆಯಿತು. ಅವನು ನಡೆದು ಬಂದು ದೊಯಿಯ ಮುಂದೆ ಒಂದು ತೋಳಿನ ದೂರದಲ್ಲಿ ಕಾಲು ಅಗಲಿಸಿ, ಹಲ್ಲು ಕಚ್ಚಿ ನಿಂತ. ಆ ನಿಲುವು ಹೇಗಿರಬೇಕೆಂದು ಅವನ ಮೈಗೆ ಇನ್ನೂ ನೆನಪಿತ್ತು.

"ಹುಚ್ಚಾ ನಿಮಗೆ" ಅಂದ ದೊಯಿ. ಬಟ್ಟೆಯ ಬುಟ್ಟಿಯ ಕಡೆ ತಿರುಗಿದ. ಆ ಬುಟ್ಟಿಯ ಮುಂದೆ ಹಲ್ಲುದುರಿದ ಒಬ್ಬ ಹಳೇ ಬೆಂಕಿಯಾಳು ಬಂದು ನಿಂತಿದ್ದ. ಅವನ ಪಕ್ಕಕ್ಕೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಟವೆಲ್ ಸುತ್ತಿದ ಮುದುಕರ ಒಂದು ಬೇಲಿ.

"ನಿಂತ್ಕೊಳ್ಳಿ ದೊಯಿಯವರೇ" ಅಂದ ಹಲ್ಲುದುರಿದವನು. "ನಿಮಗೆ ಗೊತ್ತಿಲ್ಲದ ಆಟವೇನಲ್ಲ."

ದೊಯಿ ಸುತ್ತ ನೋಡಿದ. ಆಮೇಲೆ ತಿರುಗಿ ನಿಂತ.

"ಹೊಡೀರಿ" ಅಂದೆ.

ಮೊದಲು ಹೊಡೆದವನು ದೊಯಿ, ಜೋರಾಗಿ, ಹಳೆಯ ಅಭ್ಯಾಸದ ಕೈ. ತಮೆಕಿಚಿಯ ತುಟಿ ಒಡೆಯಿತು. ತಮೆಕಿಚಿ ಹೊಡೆದ, ಮೆಲ್ಲಗೆ.

"ಮೆಲ್ಲಗಾಯ್ತು" ಅಂದೆ.

ಮತ್ತೆ ಹೊಡೆದರು. ಎರಡು ಕ್ಷೌರ ಮಾಡಿದ ಕೆನ್ನೆಗಳ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಪ್ರತಿ ಸಲವೂ ತಮೆಕಿಚಿ ಮೆಲ್ಲಗೆ ಹೊಡೆದ, ಪ್ರತಿ ಸಲವೂ ನಾನು ಮೆಲ್ಲಗಾಯ್ತು ಅಂದೆ. ಕೊನೆಗೆ ಅವನ ಮುಖದಲ್ಲಿ ಏನೋ ಮುರಿಯಿತು. ಹೊಡೆದ. ದೊಯಿಯ ಕಟ್ಟಿಸಿದ ಹಲ್ಲು ಬಾಯಿಂದ ಹಾರಿ ನೆಲದ ಮೇಲೆ ಉರುಳಿತು. ಯಾರೂ ನಗಲಿಲ್ಲ. ದೊಯಿ ಬಾಯಿ ಮುಚ್ಚಿಕೊಂಡು ಮಂಡಿಯೂರಿದ.

"ಸಾಕು" ಅಂದ, ಹಲ್ಲಿಲ್ಲದ ಬಾಯಲ್ಲಿ.

ನಾನು ತಮೆಕಿಚಿಯನ್ನು ಕೇಳಿದೆ. "ನನ್ನ ಅಣ್ಣ ಸಾಕು ಅಂದಿದ್ನಾ?"

"ಹಾಗನ್ನೋ ಅಧಿಕಾರ ನಮಗಿರಲಿಲ್ಲ."

"ಇವನಿಗೂ ಇಲ್ಲ. ಎಬ್ಬಿಸಿ ನಿಲ್ಲಿಸಿ."

ಎಬ್ಬಿಸಿದರು. ಇನ್ನೂ ಎಷ್ಟು ಹೊತ್ತು ನಡೆಯಿತು ಎಂದು ನಾನು ಹೇಳಲಾರೆ. ಸಾಕು ಎಂಬ ಮಾತು ನನ್ನ ಬಾಯಲ್ಲಿತ್ತು, ನಾನು ಅದನ್ನು ಆಚೆ ಬಿಡಲಿಲ್ಲ. ಇಬ್ಬರಿಗೂ ಕೈ ಎತ್ತಲಾಗದೆ ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿಂತ ಮೇಲೆ ಹಲ್ಲುದುರಿದವನು ತಾನೇ ಹೋಗಿ ಅಗುಳಿ ತೆಗೆದ. ಹಡಗಿನಲ್ಲಿ ಆವತ್ತು ದೊಯಿ ನಿಂತಿದ್ದ ಜಾಗದಲ್ಲಿ ಈ ಹೊತ್ತು ನಿಂತವಳು ನೀನು ಎಂದು ಆಮೇಲೆ ಒಬ್ಬಿಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಹೌದು, ನಿಂತಿದ್ದೆ. ಚೆನ್ನಾಗಿ ಕಾಣುತ್ತಿತ್ತು ಅಲ್ಲಿಂದ.

ಮರುದಿನ ಗುಡ್ಡದ ಮೇಲೆ, ಬಾತುಕೊಂಡ ಕೆನ್ನೆಯಲ್ಲಿ, ದೊಯಿ ಎಲ್ಲ ಮನೆಯವರ ಮುಂದೆ ಹೇಳಿದ: ಸೆಗಾವಾ ಮಿಚಿಯೊ ಹಾರಲಿಲ್ಲ, ನಾನು ಹೊಡೆದೆ, ಹೊಡೆಸಿದೆ, ಅದರಿಂದ ಸತ್ತ. ಯಾರಿಂದ ಹೊಡೆಸಿದೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವನ ಪಕ್ಕದಲ್ಲಿ ಅಂಥದೇ ಕೆನ್ನೆಯ ಇನ್ನೊಬ್ಬ ಮುದುಕ ನಿಂತಿದ್ದ. ಆ ವಾರವೇ ಕಲ್ಲಿನ ಹಿಂಬದಿಗೆ ಅಣ್ಣನ ಹೆಸರು ಕೆತ್ತಿದರು. ದೊಯಿ ಮತ್ತೆ ಕುರೆಗೆ ಕಾಲಿಡಲಿಲ್ಲ. ಅವನು ಸತ್ತ ಸುದ್ದಿ ಬಂದ ದಿನ ನಾನು ಹಬ್ಬಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಮಾಡಿದೆ. ತಮೆಕಿಚಿ ಎರಡು ಬಟ್ಟಲು ತಿಂದ.

ಗಂಡನನ್ನು ನಾನು ಬಿಡಲಿಲ್ಲ. ಗುಡ್ಡದಿಂದ ಬಂದ ಸಂಜೆ ಅವನು ನನ್ನ ಮುಂದೆ ಮಂಡಿಯೂರಿ ಕೂತು ಮುಖ ಮುಂದೆ ಮಾಡಿದ. "ನಿನ್ನ ಏಟು ಬಾಕಿ ಇದೆ ಫುಸಾ. ಹೊಡೆದುಬಿಡು" ಅಂದ. ನಾನು ಎದ್ದು ಹೋಗಿ ಪೀಠದ ಮೇಲೆ ಕೂತೆ, ಗಿರಾಕಿಗಳು ಕಾಯುತ್ತಿದ್ದರು.

ಆಮೇಲೆ ಅವನು ಬಹಳ ವರ್ಷ ಬದುಕಿದ. ಎಂದಿನಂತೆ ಒಲೆ ಉರಿಸಿದ, ಎಂದಿನಂತೆ ನಾನು ಅನ್ನ ಹಾಕಿದೆ, ಕಾಯಿಲೆ ಬಿದ್ದಾಗ ಮೈ ಒರೆಸಿದೆ. ಅಟ್ಟದ ಮೇಲಿನ ಡಬ್ಬಿ ತೆಗೆಯಲೆಂದೋ ಕೂದಲು ಸರಿ ಮಾಡಿಕೊಳ್ಳಲೆಂದೋ ನಾನು ಕೈ ಎತ್ತಿದರೆ ಸಾಕು, ಎಲ್ಲಿದ್ದರೂ ಅವನು ಕಣ್ಣು ಮುಚ್ಚಿ ಕೆನ್ನೆ ಮುಂದೆ ಮಾಡುತ್ತಿದ್ದ. ಕೊನೆಯ ದಿನ ಆಸ್ಪತ್ರೆಯಲ್ಲಿ ದಿಂಬು ಸರಿಪಡಿಸಲು ಬಗ್ಗಿದಾಗಲೂ ಮಾಡಿದ. ಒಂದು ಏಟು ಕೊಟ್ಟಿದ್ದರೆ ಅವನ ಪಾಲಿಗೆ ಅದು ಅಲ್ಲಿಗೇ ಮುಗಿದುಹೋಗುತ್ತಿತ್ತು. ನಾನು ಕೊಡಲಿಲ್ಲ.